ಪೇಟೆಂಟ್ ಅರ್ಜಿ ತಿರಸ್ಕಾರವಾಗಿದೆ, ಮೇಲ್ಮನವಿ ಹಾಕಲೇ?

ಪ್ರಶ್ನೆ: ಅರಸೀಕೆರೆಯಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಕ್ರಯಪತ್ರ, ವಿಭಾಗಪತ್ರ, ಸೊಸೈಟಿಗಳ ವಾರ್ಷಿಕ ವರದಿ, ಲಗ್ನಪತ್ರಿಕೆ, ಹೀಗೆ ಹೊಟ್ಟೆಪಾಡು ಇದರಲ್ಲೇ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಯೂನಿಕೋಡಿಗೆ ತಂದರೆ ಸಾಲು ಮುರಿದು, ಟೇಬಲ್ ಕದಡಿ, ನಾಲ್ಕು ಪುಟದ ಪತ್ರ ಐದು ಪುಟವಾಗುತ್ತಿತ್ತು. ಹಾಗಾಗದಂತೆ ಅಕ್ಷರವನ್ನೂ ಬದಲಿಸಿ, ಪುಟವನ್ನೂ ಇದ್ದ ಹಾಗೇ ಉಳಿಸುವ ಒಂದು ಸಾಫ್ಟ್‌ವೇರನ್ನು ರಾತ್ರಿ ಕೂತು ನಾನೇ ಬರೆದೆ. ಬೇಲೂರು, ಹಳೇಬೀಡಿನಲ್ಲಿ ಇದೇ ಕೆಲಸ ಮಾಡುವ ಸ್ನೇಹಿತರಿಗೂ ಕೊಟ್ಟೆ, ಅವರೂ ಬಳಸುತ್ತಿದ್ದಾರೆ. ಆಮೇಲೆ ಎಲ್ಲರೂ ಹೇಳಿದರೆಂದು ಪೇಟೆಂಟಿಗೆ ಅರ್ಜಿ ಹಾಕಿದೆ. ಅರ್ಜಿ ಪ್ರಕಟವಾದಾಗ ಓದಿದ ಶಾಲೆಯಲ್ಲಿ ಕರೆದು ಶಾಲು ಹೊದಿಸಿದರು. ಅಂಗಡಿ ಬೋರ್ಡಿನಲ್ಲಿ 'ಪೇಟೆಂಟ್ ಪಡೆದ' ಎಂದು ಬರೆಸಿದೆ. ಈಗ ಚೆನ್ನೈ ಕಚೇರಿಯಿಂದ ಆದೇಶ ಬಂದಿದೆ. ಒಂದು, ಇದು ಬರೀ ಕಂಪ್ಯೂಟರ್ ಪ್ರೋಗ್ರಾಂ ಅಂತೆ. ಎರಡು, ಈ ಕೆಲಸ ಬಲ್ಲ ಯಾರಿಗಾದರೂ ಹೊಳೆಯುವಂಥದ್ದು ಅಂತೆ. ಇಷ್ಟು ವರ್ಷ ಯಾರಿಗೂ ಯಾಕೆ ಹೊಳೆಯಲಿಲ್ಲ? ಏಜೆಂಟರು ಹೈಕೋರ್ಟಿಗೆ ಹೋಗೋಣ ಅನ್ನುತ್ತಾರೆ. ಹೆಂಡತಿಯ ಬಳೆ ಅಡ ಇಟ್ಟಾಗಿದೆ, ಅವಳು ಸಾಕು ಅನ್ನುತ್ತಾಳೆ. ಭಾವ ಕೊಬ್ಬರಿ ದುಡ್ಡು ಕೊಡುತ್ತೇನೆ, ಬಿಡಬೇಡ ಅನ್ನುತ್ತಾರೆ. ಊರಲ್ಲಿ ತಲೆ ಎತ್ತಿ ತಿರುಗಲು ಆಗುತ್ತಿಲ್ಲ. ಏನು ಮಾಡಲಿ?

— ಹೆಸರು ಬೇಡ, ಅರಸೀಕೆರೆ

ಉತ್ತರ: ಮೊದಲು ಆದೇಶದ ಪ್ರತಿ ಕೈಗೆತ್ತಿಕೊಂಡು ಅದರ ಮೇಲಿನ ತಾರೀಖು ನೋಡಿ. ಪೇಟೆಂಟ್ ಕಾಯ್ದೆಯ 117ಎ ಸೆಕ್ಷನ್ ಪ್ರಕಾರ ಮೇಲ್ಮನವಿಗೆ ಇರುವ ಅವಧಿ 3 ತಿಂಗಳು. ತಡವಾದರೆ ನ್ಯಾಯಾಲಯ ಮನ್ನಿಸಬಹುದು, ಆದರೆ ಕಾರಣ ಕೊಡಬೇಕಾಗುತ್ತದೆ, ಮನ್ನಿಸಲೇಬೇಕೆಂದೂ ಇಲ್ಲ. ಹಿಂದೆ ಇಂಥ ಮೇಲ್ಮನವಿಗಳನ್ನು ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ಕೇಳುತ್ತಿತ್ತು. 2021ರಲ್ಲಿ ಅದನ್ನು ರದ್ದು ಮಾಡಿ ಕೆಲಸವನ್ನು ಹೈಕೋರ್ಟುಗಳಿಗೆ ವಹಿಸಿದರು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಸೇರುವುದರಿಂದ ನೀವು ಹೋಗಬೇಕಾದದ್ದು ಬೆಂಗಳೂರಿಗಲ್ಲ, ಮದರಾಸು ಹೈಕೋರ್ಟಿಗೆ. ಹೋಗಬೇಕೋ ಬೇಡವೋ ಎಂಬುದನ್ನು ಗಡುವಿನ ಒಳಗೇ, ಆದರೆ ಸಮಾಧಾನವಾಗಿ ತೀರ್ಮಾನಿಸೋಣ.

ನಿಮ್ಮ ಪತ್ರ ಓದಿದಾಗ ನನಗೆ ತಿಳಿದದ್ದು, ತಿರಸ್ಕಾರಕ್ಕಿಂತ 'ಯಾರಿಗಾದರೂ ಹೊಳೆಯುವಂಥದ್ದು' ಎಂಬ ಮಾತು ನಿಮ್ಮನ್ನು ಹೆಚ್ಚು ಚುಚ್ಚಿದೆ. ಅದು ನಿಮ್ಮ ಜಾಣತನಕ್ಕೆ ಹಾಕಿದ ಅಂಕವಲ್ಲ. ಕಾಯ್ದೆಯ 2(1)(ಜೆಎ) ಕೇಳುವುದು ಬೇರೆಯೇ ಪ್ರಶ್ನೆ. ನೀವು ಅರ್ಜಿ ಹಾಕಿದ ದಿನ ಈ ಕಸುಬು ಬಲ್ಲ ಒಬ್ಬನ ಮುಂದೆ ಅದಕ್ಕೂ ಹಿಂದಿನ ದಾಖಲೆಗಳನ್ನೆಲ್ಲ ಇಟ್ಟಿದ್ದರೆ, ಹೊಸದಾಗಿ ಏನನ್ನೂ ಕಂಡುಹಿಡಿಯದೆ ಅವನು ನಿಮ್ಮ ಪರಿಹಾರಕ್ಕೆ ಬಂದು ನಿಲ್ಲುತ್ತಿದ್ದನೇ? ಪ್ರಶ್ನೆ ಇಷ್ಟೇ. ಎಷ್ಟು ರಾತ್ರಿ ನಿದ್ದೆಗೆಟ್ಟಿರಿ, ಎಷ್ಟು ಜನಕ್ಕೆ ಉಪಯೋಗವಾಯಿತು ಎಂಬುದು ಇದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬಹಳ ಒಳ್ಳೆಯ ಕೆಲಸಕ್ಕೂ ಪೇಟೆಂಟ್ ಸಿಗದೇ ಹೋಗಬಹುದು, ಸಾಧಾರಣ ಕೆಲಸಕ್ಕೆ ಸಿಗಲೂಬಹುದು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಅಡಿಪಾಯ ಹಾಕಿದ ತೀರ್ಪು ಪಾತ್ರೆ ಮಾಡುವವರದು. ಉತ್ತರಪ್ರದೇಶದ ಮಿರ್ಜಾಪುರದಲ್ಲಿ ಹಿತ್ತಾಳೆ ಪಾತ್ರೆಗಳನ್ನು ಲೇತ್ ಮೇಲೆ ಕೆರೆದು ಹೊಳಪು ಕೊಡುವಾಗ ಪಾತ್ರೆ ಜಾರದಂತೆ ಹಿಡಿಯುವ ಒಂದು ಸಾಧನಕ್ಕೆ 1950ರ ದಶಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನ ಆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1978ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ಕೋರ್ಟು ಪೇಟೆಂಟನ್ನು ಉಳಿಸಲಿಲ್ಲ. ಸಾಧನ ಉಪಯೋಗದ್ದಲ್ಲವೆಂದು ಅದು ಹೇಳಲಿಲ್ಲ. ಗೊತ್ತಿದ್ದ ವಿಧಾನವನ್ನೇ ಕಾರ್ಖಾನೆಯೊಳಗೆ ಒಂದಿಷ್ಟು ಸುಧಾರಿಸಿದ್ದಾರೆ, ಪೇಟೆಂಟಿಗೆ ಅಷ್ಟು ಸಾಲದು ಎಂದಿತು. ಪೇಟೆಂಟ್ ಕೊಟ್ಟ ಮಾತ್ರಕ್ಕೆ ಅದು ಊರ್ಜಿತವೆಂಬ ಖಾತರಿಯಿಲ್ಲ ಎಂಬುದನ್ನೂ ಆ ತೀರ್ಪು ಖಚಿತಪಡಿಸಿತು. ಅಂದರೆ ಪೇಟೆಂಟ್ ಸಿಕ್ಕಿದವರೂ ಈ ಪ್ರಶ್ನೆಯಿಂದ ಪಾರಾಗುವುದಿಲ್ಲ.

ಇನ್ನು ನಿಮ್ಮ ಸಾಫ್ಟ್‌ವೇರ್. ಅದರಲ್ಲಿ ಎರಡು ಕೆಲಸಗಳಿವೆ, ಅವೆರಡನ್ನೂ ಬೇರೆ ಮಾಡಿ ನೋಡಬೇಕು. ಮೊದಲನೆಯದು ಅಕ್ಷರ ಬದಲಿಸುವುದು. ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂತಿರುತ್ತವೆ. 'ಸೂರ್ಯ' ಎಂಬುದನ್ನು ತೆಗೆದುಕೊಳ್ಳಿ. ಆ ಫಾಂಟಿನಲ್ಲಿ ಮೊದಲು 'ಸೂ', ಆಮೇಲೆ 'ಯ', ಕೊನೆಗೆ ಅರ್ಕಾವತ್ತು. ಕಣ್ಣಿಗೆ ಕಾಣುವ ಕ್ರಮದಲ್ಲೇ ಅವು ದಾಖಲಾಗುತ್ತವೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, 'ರ'ಕಾರ ಮೊದಲು, 'ಯ' ಆಮೇಲೆ. ಆದ್ದರಿಂದ ಪರಿವರ್ತಿಸುವ ಪ್ರೋಗ್ರಾಂ ಅರ್ಕಾವತ್ತನ್ನು ಎತ್ತಿ ಹಿಂದಿನ ವ್ಯಂಜನದ ಮುಂದಕ್ಕೆ ತಂದು ಕೂರಿಸಬೇಕು. ಒತ್ತಕ್ಷರ, ದೀರ್ಘದ ಗುರುತು ಎಲ್ಲಕ್ಕೂ ಹೀಗೇ ನಿಯಮಗಳಿವೆ. ಇದು ಶ್ರಮದ ಕೆಲಸ ನಿಜ. ಆದರೆ ಕನ್ನಡದಲ್ಲಿ ಇದನ್ನು ಮಾಡಿದವರು ನಿಮಗಿಂತ ಮುಂಚೆ ಇದ್ದಾರೆ. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಂತು, ಆಮೇಲೆ ಅದರ ಜೊತೆಯಲ್ಲೇ ಫಾಂಟ್ ಪರಿವರ್ತಿಸುವ ಸಲಕರಣೆಯೂ ಸಿಗುತ್ತಿತ್ತು. 'ಸಂಚಯ' ತಂಡದ ಪರಿವರ್ತಕವನ್ನು ಕನ್ನಡದಲ್ಲಿ ಕಂಪ್ಯೂಟರ್ ಬಳಸುವ ಬಹಳ ಮಂದಿ ಬಲ್ಲರು. ನಿಮ್ಮ ಮೊದಲ ಕ್ಲೇಮು, ಅಂದರೆ ಹಕ್ಕು ಕೇಳಿ ಅರ್ಜಿಯಲ್ಲಿ ಬರೆದ ಮೊದಲ ಅಂಶ, ಈ ಅಕ್ಷರ ಬದಲಾವಣೆಯ ಮೇಲೇ ನಿಂತಿದ್ದರೆ ಆದೇಶ ಸರಿಯಾಗಿಯೇ ಇದೆ, ಅದರ ಮೇಲೆ ದುಡ್ಡು ಸುರಿಯಬೇಡಿ.

ಎರಡನೆಯದು ಪುಟ ಕದಲದಂತೆ ಉಳಿಸುವುದು. ನಿಮ್ಮ ಬಲ ಇರುವುದು ಇಲ್ಲಿ. ಫಾಂಟ್ ಬದಲಾದರೆ ಅಕ್ಷರದ ಅಗಲ ಬದಲಾಗುತ್ತದೆ, ಸಾಲು ಉಕ್ಕುತ್ತದೆ, ಪುಟ ಹೆಚ್ಚುತ್ತದೆ. ಕ್ರಯಪತ್ರದಲ್ಲಿ ಇದು ಚಿಕ್ಕ ವಿಷಯವಲ್ಲ. ಪುಟಪುಟಕ್ಕೂ ಸಹಿ ಬೀಳುವ ಪತ್ರದಲ್ಲಿ ಷೆಡ್ಯೂಲಿನ ಚೆಕ್ಕುಬಂದಿ ಒಂದು ಪುಟದಿಂದ ಇನ್ನೊಂದಕ್ಕೆ ಜಾರಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಈ ತೊಡಕನ್ನು ನೀವು ಹೇಗೆ ಬಿಡಿಸಿದಿರಿ? ಸಾಲಿಗೆ ತಕ್ಕಂತೆ ಅಕ್ಷರದ ಗಾತ್ರವನ್ನು ಕುಗ್ಗಿಸಿದ್ದೀರಿ ಅಷ್ಟೇ ಎಂದಾದರೆ, ಡಿಟಿಪಿ ಬಲ್ಲವರೆಲ್ಲ ಕೈಯಲ್ಲಿ ಮಾಡುತ್ತಿದ್ದುದನ್ನೇ ಯಂತ್ರಕ್ಕೆ ಹೇಳಿಕೊಟ್ಟಂತೆ. ಹಾಗಲ್ಲದೆ ಹಳೆಯ ಪುಟದ ವಿನ್ಯಾಸವನ್ನು ಬೇರೆಯೇ ರೀತಿ ಓದಿ, ಪರಿವರ್ತನೆಗೆ ಮೊದಲೇ ಲೆಕ್ಕ ಹಾಕಿ, ಹಿಂದಿನವರು ಯಾರೂ ಹಿಡಿಯದ ದಾರಿಯಲ್ಲಿ ಹೋಗಿದ್ದರೆ ಹೇಳಿಕೊಳ್ಳಲು ವಿಷಯ ಇದೆ. ಆದರೆ ಅದು ನಿಮ್ಮ ತಲೆಯಲ್ಲೋ ಕೋಡಿನಲ್ಲೋ ಇದ್ದರೆ ಸಾಲದು. ಅರ್ಜಿಯ ಕ್ಲೇಮುಗಳಲ್ಲಿ ಬರೆದಿರಬೇಕು. ಎಷ್ಟೋ ಅರ್ಜಿಗಳಲ್ಲಿ ನಿಜವಾದ ಹೊಸತು ವಿವರಣೆಯ ನಡುವೆಲ್ಲೋ ಉಳಿದು, ಕ್ಲೇಮಿಗೆ ಬಂದೇ ಇರುವುದಿಲ್ಲ.

ಈಗ ಪೆನ್ಸಿಲ್ ಹಿಡಿದು ಆದೇಶ ಓದಿ. ನೀವು ಹುಡುಕಬೇಕಾದದ್ದು ಒಂದೇ. ಹಿಂದಿನ ದಾಖಲೆಯಿಂದ ನಿಮ್ಮ ಕ್ಲೇಮಿನವರೆಗೆ ಹೋಗುವ ದಾರಿಯನ್ನು ಅಧಿಕಾರಿ ಹೆಜ್ಜೆಹೆಜ್ಜೆಯಾಗಿ ತೋರಿಸಿದ್ದಾರೋ, ನಡುವೆ ಹಾರಿದ್ದಾರೋ? ದೆಹಲಿ ಹೈಕೋರ್ಟ್ 2022ರ ಮಾರ್ಚಿನಲ್ಲಿ ಅಗ್ರಿಬೋರ್ಡ್ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಿಂದೆ ಏನಿತ್ತು, ಅರ್ಜಿದಾರ ಏನು ಮಾಡಿದ್ದಾನೆ, ಕಸುಬು ಬಲ್ಲವನಿಗೆ ಅದರಿಂದ ಇದು ಹೇಗೆ ಹೊಳೆಯುತ್ತದೆ ಎಂಬ ಮೂರನ್ನೂ ಆದೇಶ ಚರ್ಚಿಸಬೇಕು. ಹಳೆಯ ದಾಖಲೆಗಳ ಪಟ್ಟಿ ಕೊಟ್ಟು 'ಆದ್ದರಿಂದ ಇದು ಹೊಳೆಯುವಂಥದ್ದೇ' ಎಂದು ಮುಗಿಸಿದರೆ ಸಾಲದು. ನಿಮ್ಮ ಆದೇಶದಲ್ಲಿ ಅಕ್ಷರ ಬದಲಾವಣೆಯ ಬಗ್ಗೆ ಪುಟಗಟ್ಟಲೆ ಬರೆದು, ಪುಟ ಉಳಿಸುವ ಭಾಗದ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಅದು ನಿಜವಾದ ಲೋಪ. ದೆಹಲಿಯ ತೀರ್ಪು ಮದರಾಸಿಗೆ ಕಡ್ಡಾಯವಲ್ಲ, ಆದರೆ ವಕೀಲರು ಅದನ್ನು ಮುಂದಿಟ್ಟು ವಾದಿಸಬಹುದು.

'ಬರೀ ಕಂಪ್ಯೂಟರ್ ಪ್ರೋಗ್ರಾಂ' ಎಂಬ ಇನ್ನೊಂದು ಕಾರಣ 3(ಕೆ) ಸೆಕ್ಷನ್ನಿನದು. ಕಾಯ್ದೆ ಎಲ್ಲ ಪ್ರೋಗ್ರಾಮುಗಳನ್ನೂ ಹೊರಗಿಟ್ಟಿಲ್ಲ, ಪ್ರೋಗ್ರಾಂ ಎಂಬಷ್ಟೇ ಆಗಿರುವುದನ್ನು ಹೊರಗಿಟ್ಟಿದೆ. 2019ರ ಡಿಸೆಂಬರಿನಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ತಾಂತ್ರಿಕ ಪರಿಣಾಮ ಇದೆಯೇ ಎಂದು ನೋಡಬೇಕೆಂದು ಹೇಳಿತು. ಹೊಸ ಹಾರ್ಡ್‌ವೇರ್ ಇರಬೇಕೆಂಬ ಷರತ್ತು 2016ರ ಮಾರ್ಗಸೂಚಿಯಲ್ಲಿತ್ತು, 2017ರಲ್ಲಿ ಅದನ್ನು ತೆಗೆದುಹಾಕಿದರು. ಹಾರ್ಡ್‌ವೇರ್ ಹೊಸದಲ್ಲ ಎಂಬ ಒಂದೇ ಕಾರಣ ಕೊಟ್ಟಿದ್ದರೆ ಅದನ್ನೂ ಪ್ರಶ್ನಿಸಬಹುದು. ಆದರೆ ಪತ್ರ ಚೆನ್ನಾಗಿ ಕಾಣುತ್ತದೆ, ಓದಲು ಹಿತ ಎಂಬುದು ತಾಂತ್ರಿಕ ಪರಿಣಾಮವಲ್ಲ. ಮಾಹಿತಿಯನ್ನು ಜೋಡಿಸಿ ತೋರಿಸುವುದನ್ನು ಅದೇ ಸೆಕ್ಷನ್ನಿನ 3(ಎನ್) ಪ್ರತ್ಯೇಕವಾಗಿಯೇ ಹೊರಗಿಟ್ಟಿದೆ. ಪತ್ರಗಳನ್ನು ಜೋಡಿಸುವ ಸಾಫ್ಟ್‌ವೇರುಗಳಿಗೆ ಇದು ದೊಡ್ಡ ಅಡ್ಡಗಾಲು.

ನಿಮ್ಮ ವಿಷಯಕ್ಕೆ ಬಹಳ ಹತ್ತಿರದ ಒಂದು ವ್ಯಾಜ್ಯ ಅಮೆರಿಕದಲ್ಲಿ ನಡೆದಿದೆ. ಟೊರಾಂಟೊದ ಐಫೋರ್‌ಐ ಎಂಬ ಸಣ್ಣ ಕಂಪನಿ 1994ರಲ್ಲಿ ಅರ್ಜಿ ಹಾಕಿ 1998ರಲ್ಲಿ ಅಲ್ಲಿನ ಪೇಟೆಂಟ್ ಪಡೆಯಿತು. ದಾಖಲೆಯ ಪಠ್ಯ ಒಂದು ಕಡೆ, ಅದರ ರಚನೆಯನ್ನು ಹೇಳುವ ಸಂಕೇತಗಳು ಇನ್ನೊಂದು ಕಡೆ, ಎರಡನ್ನೂ ಬೇರೆಬೇರೆಯಾಗಿ ನಿರ್ವಹಿಸುವ ವಿಧಾನ ಅದು. ಮೈಕ್ರೋಸಾಫ್ಟ್ ವರ್ಡ್ ತಮ್ಮ ವಿಧಾನವನ್ನು ಬಳಸಿದೆಯೆಂದು ದಾವೆ ಹೂಡಿದರು. 2009ರಲ್ಲಿ ಟೆಕ್ಸಾಸಿನ ಜ್ಯೂರಿ 20 ಕೋಟಿ ಡಾಲರ್ ಪರಿಹಾರ ಕೊಡಿಸಿತು. 2011ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟೂ ಐಫೋರ್‌ಐ ಪರವಾಗಿಯೇ ನಿಂತಿತು. ಇದನ್ನು ಕೇಳಿ ಹುರುಪು ಬರುವುದು ಸಹಜ. ಆದರೆ ಆ ಪ್ರಕರಣದ ಎರಡು ವಿಷಯಗಳನ್ನು ಗಮನಿಸಿ.

ಒಂದು: ಆ ವಿಧಾನ ಹೊಳೆಯುವಂಥದ್ದೇ ಎಂದು ಮೈಕ್ರೋಸಾಫ್ಟ್ ವಾದಿಸಿತ್ತು. ಆದರೆ ಕೆಲವು ಹಳೆಯ ದಾಖಲೆಗಳ ಆಧಾರದ ಮೇಲೆ ಎತ್ತಬೇಕಾದ ಕೋರಿಕೆಯನ್ನು ಜ್ಯೂರಿಯ ತೀರ್ಪಿಗೆ ಮೊದಲು, ಸಲ್ಲಿಸಬೇಕಾದ ಹೊತ್ತಿಗೆ ಸಲ್ಲಿಸಿರಲಿಲ್ಲ. ಹೀಗಾಗಿ ಮೇಲ್ಮನವಿಯಲ್ಲಿ ಜ್ಯೂರಿ ಆ ಬಗ್ಗೆ ಕಂಡುಕೊಂಡ ಸಂಗತಿಗಳನ್ನು ಪ್ರಶ್ನಿಸುವ ಹಕ್ಕನ್ನೇ ಅದು ಕಳೆದುಕೊಂಡಿತು. ಅಷ್ಟು ದೊಡ್ಡ ಕಂಪನಿಗೂ ಈ ವಿಷಯದಲ್ಲಿ ರಿಯಾಯಿತಿ ಸಿಗಲಿಲ್ಲ. ನಿಮ್ಮ ಮೇಲ್ಮನವಿಯೂ ನೀವು ಚೆನ್ನೈ ಕಚೇರಿಗೆ ಕೊಟ್ಟ ಉತ್ತರ ಮತ್ತು ವಿಚಾರಣೆಯ ನಂತರದ ಲಿಖಿತ ಹೇಳಿಕೆಯ ಮೇಲೆಯೇ ನಿಲ್ಲುತ್ತದೆ. ಪುಟ ಉಳಿಸುವ ವಿಧಾನದ ವಾದ ಅವುಗಳಲ್ಲಿ ಇದೆಯೇ? ಇಲ್ಲದಿದ್ದರೆ ಹೈಕೋರ್ಟಿನಲ್ಲಿ ಅದನ್ನು ಹೊಸದಾಗಿ ಶುರುಮಾಡುವುದು ಕಷ್ಟ.

ಎರಡು: ಅರ್ಜಿಗೆ ಮುಂಚೆಯೇ ಐಫೋರ್‌ಐ ಮಾರಿದ್ದ 'ಎಸ್4' ಎಂಬ ಸಾಫ್ಟ್‌ವೇರಿನಲ್ಲಿ ಇದೇ ವಿಧಾನ ಇತ್ತೆಂದು ಮೈಕ್ರೋಸಾಫ್ಟ್ ಬಲವಾಗಿ ಹೇಳಿತು. ಇರಲಿಲ್ಲವೆಂದು ಅದನ್ನು ರೂಪಿಸಿದವರು ಸಾಕ್ಷಿ ನುಡಿದರು. ಮೂಲ ಕೋಡ್ ಉಳಿದಿರಲಿಲ್ಲ. ವ್ಯಾಜ್ಯದ ದೊಡ್ಡ ಭಾಗ ಈ ಒಂದು ಸಂಗತಿಯ ಸುತ್ತ ನಡೆಯಿತು. ನಿಮ್ಮ ಪತ್ರದಲ್ಲಿ ಬೇಲೂರು, ಹಳೇಬೀಡಿನ ಸ್ನೇಹಿತರ ಮಾತು ಓದಿದಾಗ ನನಗೆ ಆತಂಕವಾದದ್ದು ಇದಕ್ಕೇ. ಸಾಫ್ಟ್‌ವೇರ್ ಕೊಟ್ಟ ಮೇಲೆ ಅರ್ಜಿ ಹಾಕಿದೆ ಎಂದು ನೀವೇ ಬರೆದಿದ್ದೀರಿ. ಅರ್ಜಿಯ ದಿನಕ್ಕೆ ಮುಂಚೆ ಭಾರತದಲ್ಲಿ ಬಹಿರಂಗವಾಗಿ ಬಳಕೆಯಲ್ಲಿದ್ದುದಕ್ಕೆ, ಬಳಸಿದ್ದು ಅರ್ಜಿದಾರನ ಸ್ವಂತದ್ದೇ ಆದರೂ, ಪೇಟೆಂಟ್ ನಿಲ್ಲುವುದು ಕಷ್ಟ. ಈಗ ಗೆದ್ದರೂ ಮುಂದೆ ಎದುರಾಳಿ 64ನೇ ಸೆಕ್ಷನ್ ಹಿಡಿದು ರದ್ದು ಕೇಳಬಹುದು. ಕೊಟ್ಟಿದ್ದು ಯಾವ ಆವೃತ್ತಿ, ಅದರಲ್ಲಿ ಪುಟ ಉಳಿಸುವ ಭಾಗ ಆಗಲೇ ಇತ್ತೇ, ಯಾರಿಗೂ ಹೇಳಬಾರದೆಂಬ ಕರಾರು ಇತ್ತೇ, ಅವರು ಗಿರಾಕಿಗಳ ಕೆಲಸಕ್ಕೆ ಬಳಸಿದರೇ, ಪರೀಕ್ಷೆಗಷ್ಟೇ ಬಳಸಿದರೇ? ಇದನ್ನೆಲ್ಲ ತಾರೀಖು ಸಮೇತ ಬರೆದು ವಕೀಲರ ಮುಂದೆ ಇಡಿ. ಮುಚ್ಚಿಡಬೇಡಿ. ಮುಚ್ಚಿಟ್ಟು ಕಟ್ಟಿದ ಮೇಲ್ಮನವಿ ನಿಮ್ಮನ್ನೇ ಮುಳುಗಿಸುತ್ತದೆ.

ಪೇಟೆಂಟ್ ಏಜೆಂಟರು ಪೇಟೆಂಟ್ ಕಚೇರಿಯ ಮುಂದೆ ನಿಮ್ಮ ಪರ ಹಾಜರಾಗಬಹುದು. ಅವರೇ ವಕೀಲರೂ ಆಗಿಲ್ಲದಿದ್ದರೆ ಹೈಕೋರ್ಟಿನಲ್ಲಿ ವಾದಿಸಲಾರರು. ಆದ್ದರಿಂದ ಈ ವಿಷಯ ಬಲ್ಲ ಬೇರೊಬ್ಬ ವಕೀಲರಿಂದ ಆದೇಶ ಓದಿಸಿ, ಅಭಿಪ್ರಾಯವನ್ನು ಬರವಣಿಗೆಯಲ್ಲಿ ಪಡೆಯಿರಿ. ಒಟ್ಟು ಶುಲ್ಕ ಎಷ್ಟು, ಯಾವ ಹಂತದಲ್ಲಿ ಎಷ್ಟು ಎಂಬುದನ್ನೂ ಬರೆಸಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರ ಇದೆ, ಅಲ್ಲೂ ವಿಚಾರಿಸಿ. ಗೆದ್ದರೆ ಏನು ಸಿಗುತ್ತದೆ ಎಂಬುದೂ ತಿಳಿದಿರಲಿ. ಇಂಥ ಪ್ರಕರಣಗಳಲ್ಲಿ ಹೈಕೋರ್ಟ್ ಅನೇಕ ಸಲ ಆದೇಶವನ್ನು ರದ್ದುಮಾಡಿ ಮರುಪರಿಶೀಲನೆಗೆ ಕಚೇರಿಗೇ ಹಿಂದಿರುಗಿಸುತ್ತದೆ. ಅಲ್ಲಿ ಮತ್ತೆ ವಿಚಾರಣೆ. ಪೇಟೆಂಟಿನ 20 ವರ್ಷ ಅರ್ಜಿಯ ದಿನದಿಂದಲೇ ಎಣಿಕೆಯಾಗುವುದರಿಂದ ಅದೂ ಸವೆಯುತ್ತಿರುತ್ತದೆ. ಹೊಸದಾಗಿ ಇನ್ನೊಂದು ಅರ್ಜಿ ಹಾಕೋಣವೆಂದರೆ ಈಗಾಗಲೇ ಪ್ರಕಟವಾಗಿರುವ ನಿಮ್ಮದೇ ಅರ್ಜಿ ಅಡ್ಡ ಬರುತ್ತದೆ.

ನಿಮ್ಮ ಪತ್ರದಿಂದ ತಿಳಿದಷ್ಟರಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಆದೇಶ ಪುಟ ಉಳಿಸುವ ಭಾಗವನ್ನು ಚರ್ಚಿಸಿಯೇ ಇಲ್ಲ, ಆ ಭಾಗ ಕ್ಲೇಮಿನಲ್ಲಿದೆ, ಅರ್ಜಿಗೆ ಮುಂಚೆ ಅದು ಯಾರ ಕೈಗೂ ಹೋಗಿರಲಿಲ್ಲ ಎಂಬ ಮೂರೂ ನಿಜವಾಗಿದ್ದರೆ ಮೇಲ್ಮನವಿ ಹಾಕಿ. ಒಂದು ತಪ್ಪಿದರೂ ಹಾಕಬೇಡಿ. ಹಾಕಿದರೂ ಬಳೆ ಬಿಡಿಸಿದ ಮೇಲೆಯೇ ಹಾಕಿ. ಸಾಕು ಎನ್ನುವ ನಿಮ್ಮ ಹೆಂಡತಿಗೆ ನಿಮ್ಮ ಕೆಲಸದ ಮೇಲೆ ನಂಬಿಕೆ ಇಲ್ಲವೆಂದು ತಿಳಿಯಬೇಡಿ. ಮನೆ ನಡೆಸುವವರಿಗೆ ಕೊನೆಯಿಲ್ಲದ ಖರ್ಚು ಕಂಡರೆ ಹೆದರಿಕೆಯಾಗುತ್ತದೆ, ಅದು ನ್ಯಾಯವೇ. ಭಾವನ ದುಡ್ಡು ಪ್ರೀತಿಯದಾದರೂ ಸಾಲವೇ. ಇಬ್ಬರನ್ನೂ ಕೂರಿಸಿ ವಕೀಲರು ಬರೆದುಕೊಟ್ಟದ್ದನ್ನು ಓದಿ ಹೇಳಿ, ಆಮೇಲೆ ಮೂವರೂ ಸೇರಿ ತೀರ್ಮಾನಿಸಿ.

ಪೇಟೆಂಟ್ ಇಲ್ಲದಿದ್ದರೆ ಕೈ ಖಾಲಿಯೆಂದು ಭಾವಿಸಬೇಡಿ. ತಿರಸ್ಕಾರದಿಂದ ನಿಮ್ಮ ಸಾಫ್ಟ್‌ವೇರನ್ನು ಬಳಸುವ, ಮಾರುವ ಹಕ್ಕು ಹೋಗಿಲ್ಲ. ನೀವು ಬರೆದ ಕೋಡಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆ ಬರೆದ ದಿನದಿಂದಲೇ ಇದೆ, ನೀವಿರುವವರೆಗೆ ಮತ್ತು ಆಮೇಲೆ 60 ವರ್ಷ. ನೋಂದಣಿ ಕಡ್ಡಾಯವಲ್ಲ. ಆದರೆ 500 ರೂಪಾಯಿ ಶುಲ್ಕದಲ್ಲಿ ಮುಗಿಯುವ ಆ ಕೆಲಸ ಮಾಡಿಸಿಡಿ, ಸಾಕ್ಷಿಯಾಗಿ ಒದಗುತ್ತದೆ. ನಿಮ್ಮ ಆಲೋಚನೆಯನ್ನು ಇನ್ನೊಬ್ಬರು ತಾವೇ ಬೇರೆ ಕೋಡ್ ಬರೆದು ಬಳಸಿದರೆ ಅದನ್ನು ಇದು ತಡೆಯದು. ನಿಮ್ಮ ಪ್ರೋಗ್ರಾಮನ್ನೇ ನಕಲು ಮಾಡಿ ಮಾರಿದರೆ ತಡೆಯುತ್ತದೆ. ಅದಕ್ಕೆ ಚೆನ್ನೈಗೆ ಹೋಗಬೇಕಾಗಿಯೂ ಇಲ್ಲ, ನೀವು ವ್ಯಾಪಾರ ಮಾಡುವ ನಿಮ್ಮ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಸಾಫ್ಟ್‌ವೇರಿಗೆ ಒಳ್ಳೆಯ ಹೆಸರಿಟ್ಟು ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿ, ವ್ಯಕ್ತಿಗಳಿಗೆ ಆನ್‌ಲೈನಿನಲ್ಲಿ ಶುಲ್ಕ 4,500 ರೂಪಾಯಿ. ಬೇಲೂರು, ಹಳೇಬೀಡಿನ ಸ್ನೇಹಿತರ ಜೊತೆ ಇನ್ನು ಮುಂದೆ ಬಾಯಿಮಾತಿನ ವ್ಯವಹಾರ ಬೇಡ, ಒಂದು ಪುಟದ ಕರಾರು ಮಾಡಿಕೊಳ್ಳಿ.

ಬೋರ್ಡಿನ ಮೇಲಿನ 'ಪೇಟೆಂಟ್ ಪಡೆದ' ಎಂಬ ಮಾತನ್ನು ಇವತ್ತೇ ಅಳಿಸಿ. ಅರ್ಜಿ ಪ್ರಕಟವಾಗುವುದು ಬೇರೆ, ಪೇಟೆಂಟ್ ಸಿಗುವುದು ಬೇರೆ. ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಎಲ್ಲ ಅರ್ಜಿಗಳೂ ಪ್ರಕಟವಾಗುತ್ತವೆ. ಇಲ್ಲದ ಪೇಟೆಂಟನ್ನು ಇದೆಯೆಂದು ಹೇಳಿಕೊಳ್ಳುವುದಕ್ಕೆ 120ನೇ ಸೆಕ್ಷನ್ ದಂಡ ವಿಧಿಸುತ್ತದೆ. ಬೋರ್ಡಿನಲ್ಲಿ ಸಾಫ್ಟ್‌ವೇರಿನ ಹೆಸರು ಬರೆಸಿ, ಕೆಳಗೆ ಅದನ್ನು ಮಾಡಿದವನೆಂದು ನಿಮ್ಮ ಹೆಸರು ಬರೆಸಿ. ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಮೇಲೆ ಹೆಸರು ಕೊರೆದಿದ್ದಾರೆ. ಅಂಥ ವಿಗ್ರಹವನ್ನು ಇನ್ನಾರೂ ಕಡೆಯಬಾರದೆಂಬ ಹಕ್ಕು ಅವರಿಗಿರಲಿಲ್ಲ. ಆದರೂ 900 ವರ್ಷದ ಮೇಲೂ ಆ ಕೆಲಸ ಯಾರದೆಂದು ನಮಗೆ ಗೊತ್ತಿದೆ. ಶಾಲೆಯವರು ನಿಮಗೆ ಶಾಲು ಹೊದಿಸಿದ್ದು ಊರಿನ ಹುಡುಗ ಕನ್ನಡದ ಒಂದು ತೊಡಕು ಬಿಡಿಸಿದನೆಂದು. ಆ ಮಾತು ಈಗಲೂ ಸುಳ್ಳಾಗಿಲ್ಲ, ತಲೆ ತಗ್ಗಿಸುವ ಕಾರಣವಿಲ್ಲ.

ಈ ವಾರ ಮಾಡಬೇಕಾದದ್ದು ಇಷ್ಟು. ಆದೇಶದ ತಾರೀಖಿನಿಂದ 3 ತಿಂಗಳ ಗಡುವು ಲೆಕ್ಕ ಹಾಕಿ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆದೇಶ, ಕ್ಲೇಮುಗಳು, ನೀವು ಕೊಟ್ಟ ಲಿಖಿತ ಉತ್ತರಗಳು, ಸ್ನೇಹಿತರಿಗೆ ಸಾಫ್ಟ್‌ವೇರ್ ಕೊಟ್ಟ ತಾರೀಖುಗಳು, ಎಲ್ಲವನ್ನೂ ಒಂದು ಫೈಲಿನಲ್ಲಿ ಸೇರಿಸಿ. ಕೃತಿಸ್ವಾಮ್ಯದ ಅರ್ಜಿ ಹಾಕಿ. ಮೇಲ್ಮನವಿಯ ತೀರ್ಮಾನ ಏನೇ ಆಗಲಿ, ಅಂಗಡಿಯ ಕೆಲಸ ನಿಲ್ಲಿಸಬೇಡಿ. ನಮ್ಮ ಸೊಸೈಟಿ, ಪಂಚಾಯ್ತಿ, ಪತ್ರ ಬರಹಗಾರರ ಕಂಪ್ಯೂಟರುಗಳಲ್ಲಿ ಹಳೆಯ ಫಾಂಟಿಗೆ ಸಿಕ್ಕಿಕೊಂಡ ಫೈಲುಗಳು ಇನ್ನೂ ರಾಶಿ ಬಿದ್ದಿವೆ. ಪುಟ ಕದಲದಂತೆ ಅವನ್ನು ಈಚೆಗೆ ತರುವವರು ಬೇಕು, ಅದು ನಿಮ್ಮಿಂದ ಆಗುತ್ತದೆ.